ಪದಾತಿಯ ಲೆಕ್ಕ

ಯುದ್ಧವನ್ನು ಆಟವಾಗಿ ಆಡುವ ರೂಢಿ ಎಲ್ಲ ದೇಶಗಳಲ್ಲಿಯೂ ಉಂಟು. ಹಳ್ಳಿಯ ಹುಡುಗರು ಜೋಳದ ದಂಟನ್ನೇ ಕತ್ತಿಯೆಂದು ಬೀಸುತ್ತಾರೆ; ದೊಡ್ಡವರು ಚದುರಂಗದ ಹಾಸಿನ ಮುಂದೆ ಕುಳಿತು ಊಟದ ಹೊತ್ತನ್ನು ಮರೆಯುತ್ತಾರೆ. ಅರಸರೂ ಈ ಗೀಳಿಗೆ ಹೊರತಾಗಿರಲಿಲ್ಲ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದು ಸಲವಷ್ಟೇ ಮುಟ್ಟಿ ಬರುವ ನಡೆಗಳನ್ನು ಕಟ್ಟಿ ಆನಂದಪಟ್ಟವರು. ಆಟದಲ್ಲಿ ತಪ್ಪೇನೂ ಇಲ್ಲ. ಆದರೆ ಯುದ್ಧದ ಆಟಗಳೊಳಗೆ ಒಂದು ಪ್ರಶ್ನೆ ಅಡಗಿ ಕುಳಿತಿರುತ್ತದೆ. ಆಟಕ್ಕಿಂತ ಅದು ಹಿರಿಯದು. ಒಬ್ಬನೇ ಮನುಷ್ಯ ನಮ್ಮೆದುರು ನಿಂತಾಗ ಅವನಿಗೆ ನಾವು ಕೊಡುವ ಬೆಲೆಯನ್ನು, ಸಾವಿರ ಮಂದಿ ಒಟ್ಟಾಗಿ ನಿಂತಾಗ ಅವರಲ್ಲಿ ಪ್ರತಿಯೊಬ್ಬನಿಗೂ ಕೊಡುತ್ತೇವೆಯೆ? ಕೊಡುವುದಿಲ್ಲವಾದರೆ, ಅದು ಲೆಕ್ಕದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಮಾತ್ರವೆ, ಅಥವಾ ನಮ್ಮ ಮನಸ್ಸಿನ ದೋಷವೆ?

ಈ ವಿಚಾರಕ್ಕೆ ನನ್ನನ್ನು ಎಳೆದವರು ಹಾಸನದ ನನ್ನ ವಿದ್ಯಾರ್ಥಿಗಳು. ಅವರಲ್ಲಿ ಕೆಲವರು ಬಿಡುವಿನ ಹೊತ್ತಿನಲ್ಲಿ ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಒಂದು ಆಟವನ್ನು ಆಡುತ್ತಾರೆ. ಒಬ್ಬ ಸೂತ್ರಧಾರ, ಉಳಿದವರು ತಲೆಗೊಂದೊಂದು ಪಾತ್ರ. ಒಬ್ಬಳು ಮಾಂತ್ರಿಕಳು, ಒಬ್ಬ ಖಡ್ಗಧಾರಿ, ಇನ್ನೊಬ್ಬ ಕಳ್ಳ. ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಸಂಖ್ಯೆಯಂತೆ ಗೆಲುವು ಸೋಲುಗಳನ್ನು ತೀರ್ಮಾನಿಸುತ್ತಾರೆ. ನಾಲ್ಕಾರು ಜನರ ಹೊಡೆದಾಟವಿದ್ದಾಗ ಇದು ಸೊಗಸಾಗಿ ನಡೆಯುತ್ತದೆ. ಪ್ರತಿಯೊಂದು ಏಟಿಗೂ ಒಂದು ದಾಳ, ಪ್ರತಿಯೊಂದು ಗಾಯಕ್ಕೂ ಒಂದು ಲೆಕ್ಕ. ಆದರೆ ಕಥೆಯಲ್ಲಿ ಕೋಟೆಯ ಮುಂದೆ ಎರಡು ದೊಡ್ಡ ದಂಡುಗಳು ಬಂದು ನಿಂತವೆಂದರೆ ಸೂತ್ರಧಾರನಿಗೆ ಸಂಕಟ. ಸಾವಿರ ಜನಕ್ಕೆ ಸಾವಿರ ಸಲ ದಾಳ ಉರುಳಿಸುವುದಕ್ಕೆ ರಾತ್ರಿ ಸಾಲದು. ಆಗ ಅವನು ಬೇರೊಂದು ನಿಯಮದ ಮೊರೆಹೊಗುತ್ತಾನೆ.

ಆ ನಿಯಮದ ವಂಶಾವಳಿ ಸ್ವಾರಸ್ಯವಾಗಿದೆ. ಪ್ರಷ್ಯದ ರೈಸ್‌ವಿಟ್ಸ್ ಎಂಬ ಸೇನಾಧಿಕಾರಿ 1824ರಲ್ಲಿ, ತನ್ನ ತಂದೆ ಆರಂಭಿಸಿದ್ದ ಯುದ್ಧದ ಆಟವೊಂದನ್ನು ತಿದ್ದಿ ಪ್ರಕಟಿಸಿದ. ನಕ್ಷೆಯ ಮೇಲೆ ಸಣ್ಣ ತುಂಡುಗಳು. ಒಂದೊಂದು ತುಂಡು ಒಂದೊಂದು ದಳ. ದಾಳ ಬಿದ್ದಂತೆ ಕೋಷ್ಟಕ ನೋಡಿ ಸತ್ತವರ ಸಂಖ್ಯೆಯನ್ನು ಕಳೆಯಬೇಕು; ನಡುವೆ ಒಬ್ಬ ಮಧ್ಯಸ್ಥ. ಅದು ಅಧಿಕಾರಿಗಳ ಶಿಕ್ಷಣಕ್ಕೆ ಬಳಕೆಯಾಯಿತು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲಿ ತವರದ ಬೊಂಬೆ ಸೈನಿಕರ ಆಟಕ್ಕೆ ನಿಯಮಗಳನ್ನು ಬರೆದ. ನಿಜವಾದ ಯುದ್ಧದ ಮೂರ್ಖತನಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಮೇಲು ಎಂಬುದು ಅವನ ವಾದವಾಗಿತ್ತು. ಮರು ವರ್ಷವೇ ಮಹಾಯುದ್ಧ ಬಂದಿತು. ಅಮೆರಿಕದಲ್ಲಿ 1960ರ ದಶಕದ ಕೊನೆಗೆ ಡೇವಿಡ್ ವೆಸ್ಲಿ ಎಂಬುವನು ಇಂಥ ಆಟದಲ್ಲಿ ದಂಡನ್ನು ಪಕ್ಕಕ್ಕಿಟ್ಟು, ಆಟಗಾರರಲ್ಲಿ ಒಬ್ಬನಿಗೆ ಊರಿನ ಮೇಯರ್, ಮತ್ತೊಬ್ಬನಿಗೆ ಬ್ಯಾಂಕಿನ ಧಣಿ ಎಂದು ಬೇರೆಬೇರೆ ಪಾತ್ರ ಹಂಚಿದ. 1971ರಲ್ಲಿ ‘ಚೈನ್‌ಮೇಲ್’ ಎಂಬ ನಿಯಮಾವಳಿ ಬಂತು. ಅದರ ದೊಡ್ಡ ಕಾಳಗದಲ್ಲಿ ಒಂದು ಬೊಂಬೆ ಎಂದರೆ ಇಪ್ಪತ್ತು ಸೈನಿಕರು. ಆದರೆ ಕಥಾನಾಯಕನಂಥ ವೀರನೊಬ್ಬ ನಾಲ್ವರಿಗೆ ಸಮ, ಮಹಾವೀರ ಎಂಟು ಮಂದಿಗೆ ಸಮ. ಅದರಿಂದ ಬೆಳೆದು 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂದಿತು. ನಮ್ಮ ಹುಡುಗರು ಆಡುವುದು ಅದನ್ನೇ.

ಇಲ್ಲಿ ಗಮನಿಸಬೇಕಾದದ್ದೇನೆಂದರೆ, ದಂಡುಗಳ ಆಟ ಒಬ್ಬೊಬ್ಬ ಮನುಷ್ಯನ ಆಟವಾಗಿ ಬೆಳೆಯಿತು. ಹಾಗೆ ಬೆಳೆದ ಮೇಲೆ ಮತ್ತೆ ದಂಡು ಬೇಕೆನಿಸಿದಾಗ ಹಳೆಯ ಎಣಿಕೆಗೇ ಮರಳಬೇಕಾಯಿತು. 2014ರಲ್ಲಿ ಬಂದ ಆ ಆಟದ ಕೈಪಿಡಿಯಲ್ಲಿ ಗುಂಪಿನ ಕಾಳಗಕ್ಕೊಂದು ಸುಲಭೋಪಾಯವಿದೆ. ಒಬ್ಬ ಬಿಲ್ಲಾಳಿಗೆ ದಾಳದಲ್ಲಿ 20 ಬಿದ್ದರೆ ಮಾತ್ರ ಗುರಿ ತಾಗುವುದೆನ್ನಿ. ಅಂಥ ಇಪ್ಪತ್ತು ಜನ ಸೇರಿದ್ದರೆ ದಾಳ ಉರುಳಿಸುವುದೇ ಬೇಡ, ಒಂದು ಏಟು ತಾಗಿತೆಂದು ಬರೆದುಕೊಂಡರಾಯಿತು. ಗಣಿತ ಸರಿಯಾಗಿಯೇ ಇದೆ. ಆದರೆ ನಾಯಕನಿಗೆ ಅದೃಷ್ಟವುಂಟು. ದಾಳ ಉರುಳುವಾಗ ಎಲ್ಲರೂ ಉಸಿರು ಹಿಡಿದು ನೋಡುತ್ತಾರೆ. ಪದಾತಿಗೆ ಅದೃಷ್ಟವೂ ಇಲ್ಲ, ಸರಾಸರಿ ಮಾತ್ರ. ಇಪ್ಪತ್ತು ಜನರಲ್ಲಿ ಬಾಣ ಬಿಟ್ಟವನು ಯಾರು, ಗುರಿ ಮುಟ್ಟಿದ್ದು ಯಾರ ಕೈಯಿಂದ ಎಂಬ ಪ್ರಶ್ನೆಯೇ ಅಲ್ಲಿ ಹುಟ್ಟುವುದಿಲ್ಲ.

ಇದನ್ನು ಪರದೇಶದ ಆಟದ ದೋಷವೆಂದು ದೂರುವುದಕ್ಕೆ ನಮಗೆ ಅಧಿಕಾರವಿಲ್ಲ. ಎಣಿಕೆಯಲ್ಲಿ ನಾವೇ ಮೊದಲಿಗರು. ಒಂದು ರಥ, ಒಂದು ಆನೆ, ಮೂರು ಕುದುರೆ, ಐದು ಕಾಲಾಳು ಸೇರಿದರೆ ಒಂದು ಪತ್ತಿ; ಮೂರು ಪತ್ತಿಗಳು ಒಂದು ಸೇನಾಮುಖ; ಹೀಗೆಯೇ ಮುಮ್ಮಡಿಸುತ್ತ ಗುಲ್ಮ, ಗಣ, ವಾಹಿನಿ, ಪೃತನೆ, ಚಮೂ, ಅನೀಕಿನಿ; ಹತ್ತು ಅನೀಕಿನಿಗಳು ಒಂದು ಅಕ್ಷೌಹಿಣಿ. ಒಂದು ಅಕ್ಷೌಹಿಣಿಯಲ್ಲಿ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು. ಕೌರವರ ಹನ್ನೊಂದು, ಪಾಂಡವರ ಏಳು. ಈ ಕೋಷ್ಟಕದ ಅಚ್ಚುಕಟ್ಟನ್ನು ಕಂಡರೆ ರೈಸ್‌ವಿಟ್ಸನೂ ತಲೆದೂಗುತ್ತಿದ್ದ.

ಎಣಿಕೆಯ ಜೊತೆಗೆ ಮಹಾಭಾರತದಲ್ಲಿ ನಿಯಮಗಳೂ ಇವೆ. ಭೀಷ್ಮಪರ್ವದ ಆರಂಭದಲ್ಲಿ ಎರಡು ಪಕ್ಷದವರೂ ಕೂಡಿ ಕಟ್ಟುಪಾಡು ಮಾಡಿಕೊಳ್ಳುತ್ತಾರೆ. ರಥಿಕ ರಥಿಕನೊಡನೆ, ಆನೆಯವನು ಆನೆಯವನೊಡನೆ, ಕಾಲಾಳು ಕಾಲಾಳಿನೊಡನೆ ಹೋರಾಡತಕ್ಕದ್ದು, ಎಚ್ಚರಿಸದೆ ಹೊಡೆಯಕೂಡದು, ಮತ್ತೊಬ್ಬನೊಡನೆ ತೊಡಗಿರುವವನನ್ನೂ ಆಯುಧ ಕಳೆದುಕೊಂಡವನನ್ನೂ ಮುಟ್ಟಕೂಡದು, ಸಾರಥಿಗಳನ್ನು, ಹೊರೆ ಹೊತ್ತವರನ್ನು, ಭೇರಿ ಶಂಖಗಳನ್ನು ನುಡಿಸುವವರನ್ನು ಹೊಡೆಯಕೂಡದು. ಈ ನಿಯಮಗಳು ಹೇಗೆ ಮುರಿದುಬಿದ್ದುವೆಂಬುದನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದವರು ನಾವು. ಅಭಿಮನ್ಯುವನ್ನು ಹಲವರು ಮುತ್ತಿದರು. ಶಸ್ತ್ರವನ್ನಿಳಿಸಿದ ದ್ರೋಣರ ತಲೆ ಹಾರಿತು. ಕರ್ಣನ ರಥದ ಗಾಲಿ ಹೂತಿದ್ದಾಗ ಬಾಣ ಬಿತ್ತು. ದುರ್ಯೋಧನನ ತೊಡೆ ಮುರಿಯಿತು. ಪ್ರತಿಯೊಂದಕ್ಕೂ ನಾವು ಮರುಗುತ್ತೇವೆ, ವಾದಿಸುತ್ತೇವೆ.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ನಾವು ನೆನಪಿಟ್ಟುಕೊಂಡ ನಿಯಮಭಂಗಗಳೆಲ್ಲ ಹೆಸರುಳ್ಳವರ ವಿಷಯದಲ್ಲಿ ನಡೆದವು. ಭೀಷ್ಮರು ದಿನಕ್ಕೆ ಹತ್ತು ಸಾವಿರ ಯೋಧರನ್ನು ಕೊಲ್ಲುವೆನೆಂದು ಮಾತು ಕೊಟ್ಟವರು. ಆ ಹತ್ತು ಸಾವಿರ ಮಂದಿಯೂ ಭೀಷ್ಮರಿಗೆ ಸಮಾನರಾಗಿದ್ದರೆ? ಅವರೆಲ್ಲ ರಥವೇರಿ ಬಂದವರೆ? ‘ಸಮಾನರು ಸಮಾನರೊಡನೆ’ ಎಂಬ ಕಟ್ಟುಪಾಡು ಬಹುಶಃ ಮೊದಲನೆಯ ದಿನವೇ, ಮೊದಲನೆಯ ಜಾವದಲ್ಲಿಯೇ ಮುರಿದಿರಬೇಕು. ಅದನ್ನು ಯಾರೂ ಅಧರ್ಮವೆನ್ನಲಿಲ್ಲ, ಪಿತಾಮಹರ ಪರಾಕ್ರಮವೆಂದರು. ಭೇರಿ ಬಾರಿಸುತ್ತಿದ್ದವನು ಬದುಕಿದನೆ ಎಂದು ಕೇಳಿದವರೂ ಕಡಮೆ. ಕುಮಾರವ್ಯಾಸ ತನ್ನ ಭೀಷ್ಮಪರ್ವದಲ್ಲಿ ಕಾಲಾಳುಗಳ ಕಾಳಗಕ್ಕೂ ಪ್ರತ್ಯೇಕವಾಗಿ ಎಡೆಮಾಡಿಕೊಟ್ಟನೆಂಬುದು ಅವನ ದೊಡ್ಡತನ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಣಿಸದೆ ಲೋಕ ನಡೆಯುವುದೆಂತು? ಸಾವಿರ ಜನಕ್ಕೆ ಅನ್ನ ಬೇಯಿಸುವವನು ಸೇರಿನ ಲೆಕ್ಕದಲ್ಲಿ ಅಕ್ಕಿ ಅಳೆಯುತ್ತಾನೆಯೇ ಹೊರತು ಒಬ್ಬೊಬ್ಬನ ಹಸಿವನ್ನು ವಿಚಾರಿಸುತ್ತ ಕೂಡುವುದಿಲ್ಲ. ಜಾತ್ರೆಗೆ ಬಸ್ಸು ಬಿಡುವವರು, ಆಸ್ಪತ್ರೆಗೆ ಹಾಸಿಗೆ ಒದಗಿಸುವವರು, ಬರಗಾಲದಲ್ಲಿ ಧಾನ್ಯ ಹಂಚುವವರು ಎಲ್ಲರೂ ಸರಾಸರಿಯನ್ನು ನೆಚ್ಚಿಕೊಂಡವರೇ. ಮೇಲಾಗಿ ಮರದ ಕಾಯಿಗೆ ರಕ್ತವಿಲ್ಲ. ಆಡುವ ಹುಡುಗರು ಇಪ್ಪತ್ತು ಬೊಂಬೆಗಳನ್ನು ಡಬ್ಬಿಗೆ ಹಾಕಿದ ಮಾತ್ರಕ್ಕೆ ಕ್ರೂರಿಗಳಾಗುತ್ತಾರೆಂದರೆ ಅದು ಅನ್ಯಾಯದ ಮಾತು. ಈ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಎಣಿಕೆ ತಾನಾಗಿ ಪಾಪವಲ್ಲ. ಹಾಗಾದರೆ ಅದು ಎಲ್ಲಿ ಕೆಡುತ್ತದೆ?

ಇದಕ್ಕೆ ಉತ್ತರ ಹುಡುಕುವಾಗ ನಮ್ಮ ಜಿಲ್ಲೆಯ ಕಡೆಗೇ ನೋಡಬೇಕೆನಿಸುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ನಿಂತಿರುವ ಮೂರ್ತಿ, ದೊಡ್ಡ ಯುದ್ಧವೊಂದು ನಡೆಯದೆ ಹೋದುದರ ಕಥೆಯನ್ನು ಹೊತ್ತುನಿಂತಿದೆ. ಭರತ ಬಾಹುಬಲಿಯರ ಸೈನ್ಯಗಳು ಎದುರುಬದುರಾದಾಗ ಎರಡು ಕಡೆಯ ಮಂತ್ರಿಗಳೂ ಕೂಡಿ ಯೋಚಿಸುತ್ತಾರೆ. ಇವರಿಬ್ಬರೂ ಚರಮದೇಹಿಗಳು, ಯುದ್ಧದಲ್ಲಿ ಇವರಿಗೆ ಸಾವಿಲ್ಲ. ಸಾಯುವವರು ಬರಿಯ ಸೈನಿಕರು. ಆದ್ದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂಬ ಮೂರು ಪಂದ್ಯಗಳಲ್ಲಿ ಅಣ್ಣತಮ್ಮಂದಿರೇ ತೀರ್ಮಾನ ಮಾಡಿಕೊಳ್ಳಲಿ ಎಂದು ಗೊತ್ತುಮಾಡುತ್ತಾರೆ. ಜಿನಸೇನಾಚಾರ್ಯರು ಹೇಳಿದ ಈ ಕಥೆಯನ್ನು ಪಂಪ 941ರ ತನ್ನ ‘ಆದಿಪುರಾಣ’ದಲ್ಲಿ ಕನ್ನಡಕ್ಕೆ ತಂದ. ಮೂರ್ತಿಯನ್ನು ಸುಮಾರು 981ರಲ್ಲಿ ನಿಲ್ಲಿಸಿದವನು ಗಂಗರ ಸೇನಾಪತಿ ಚಾವುಂಡರಾಯ. ಸಮರ ಪರಶುರಾಮನೆಂಬ ಬಿರುದು ಪಡೆದವನು, ಎಷ್ಟೋ ರಣಗಳನ್ನು ಕಣ್ಣಾರೆ ಕಂಡವನು, ಕಾಳಗವನ್ನು ಬಿಟ್ಟವನ ಮೂರ್ತಿಯನ್ನು ಕಡೆಯಿಸಿದ.

ನಾನು ಈ ಭಾಗವನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು, “ಆ ಸೈನಿಕರು ಆಗ ಏನು ಮಾಡುತ್ತಿದ್ದರು ಸರ್?” ಎಂದಳು. ಆಕೆಯ ಅಣ್ಣ ಸೈನ್ಯದಲ್ಲಿ ಸಿಪಾಯಿಯಾಗಿದ್ದಾನೆಂದು ಅನಂತರ ತಿಳಿಯಿತು. “ನೋಡುತ್ತ ನಿಂತಿದ್ದರಮ್ಮ” ಎಂದೆ. “ಹಾಗಾದರೆ ಮನೆಗೆ ಹೋದರು ಅನ್ನಿ” ಎಂದು ಕುಳಿತಳು. ವಿಮರ್ಶಕರು ಈ ಪ್ರಸಂಗದ ರಸ ಯಾವುದೆಂದು ಚರ್ಚಿಸಿದ್ದಾರೆ. ಆ ಹುಡುಗಿಗೆ ಕಂಡದ್ದು ಮನೆಗೆ ಹಿಂದಿರುಗಿದವರ ಸಾಲು. ಆ ಕಥೆಯ ಒಂದು ದೊಡ್ಡ ಫಲವನ್ನು ಆಕೆ ಒಂದೇ ವಾಕ್ಯದಲ್ಲಿ ಹೇಳಿದಳೆಂದು ನನ್ನ ಭಾವನೆ.

ಆದರೂ ಈ ಪರಿಹಾರದಲ್ಲಿ ತೊಡಕಿಲ್ಲದೆ ಇಲ್ಲ. ಪುರಾಣದ ಲೆಕ್ಕದಂತೆ ಭರತನ ಎತ್ತರ 500 ಬಿಲ್ಲು, ಬಾಹುಬಲಿಯದು 525. ದೃಷ್ಟಿಯುದ್ಧದಲ್ಲಿ ಅಣ್ಣ ಕತ್ತೆತ್ತಿ ನೋಡಬೇಕು. ಜಲಯುದ್ಧದಲ್ಲಿ ತಮ್ಮ ಎರಚಿದ ನೀರು ಅಣ್ಣನ ಮುಖಕ್ಕೆ, ಅಣ್ಣ ಎರಚಿದ್ದು ತಮ್ಮನ ಎದೆಗೆ. ಪಂದ್ಯ ಸಮವಲ್ಲ. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿದೂ ಗೌರವದಿಂದ ನೆಲಕ್ಕೆ ಅಪ್ಪಳಿಸದೆ ಬಿಟ್ಟ. ಮೂರರಲ್ಲಿಯೂ ಸೋತ ಭರತ ಕಟ್ಟುಪಾಡನ್ನು ಮೀರಿ ಚಕ್ರವನ್ನೇ ಪ್ರಯೋಗಿಸಿದ. ಚಕ್ರವೇನೋ ಬಾಹುಬಲಿಯನ್ನು ಬಲಗೊಂಡು ನಿಂತಿತು. ಎಲ್ಲ ಕಾಲಕ್ಕೂ ಚಕ್ರಗಳು ಹಾಗೆ ನಿಲ್ಲುವುದಿಲ್ಲ. ಸೋತವನು ಸೋಲನ್ನು ಒಪ್ಪುವ ತನಕ ಮಾತ್ರ ನಿಯಮಕ್ಕೆ ಆಯುಸ್ಸು. ಇನ್ನೂ ಒಂದು ಮಾತು: ಸಾಯುವವರ ಸಲುವಾಗಿ ಯೋಚಿಸಿದವರು ಮಂತ್ರಿಗಳು, ಸಾಯಬೇಕಾಗಿದ್ದವರನ್ನು ಇಲ್ಲಿಯೂ ಯಾರೂ ಕೇಳಲಿಲ್ಲ.

ಅದೇ ಶ್ರವಣಬೆಳಗೊಳದಲ್ಲಿ 10ನೆಯ ಶತಮಾನದ ವೀರಗಲ್ಲೊಂದಿದೆ. ಸಾವಿಯಬ್ಬೆ ಎಂಬ ಹೆಂಗಸು ಗಂಡನಾದ ಲೋಕವಿದ್ಯಾಧರನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಹೋರಾಡಿ ಮಡಿದಳೆಂದು ಅದು ಹೇಳುತ್ತದೆ. ಕುದುರೆಯ ಮೇಲೆ ಕತ್ತಿಯೆತ್ತಿ ಆನೆಯವನಿಗೆ ಎದುರಾದ ಆಕೆಯ ರೂಪವೂ ಅಲ್ಲಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸುತ್ತಿನ ಹಲವು ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಇಂದಿಗೂ ನಿಂತಿವೆ. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ತಿರುವಿದರೆ, ತುರುಗಳನ್ನು ಬಿಡಿಸಲು ಹೋಗಿ ಸತ್ತವನು, ಊರಳಿವಿನಲ್ಲಿ ಬಿದ್ದವನು, ಒಡೆಯನಿಗಾಗಿ ಪ್ರಾಣ ಕೊಟ್ಟವನು ಹೀಗೆ ಒಬ್ಬೊಬ್ಬರೇ ಎದುರಾಗುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ದೇವಕನ್ಯೆಯರು, ಮೇಲೆ ದೇವರ ಸನ್ನಿಧಿ. ಅಕ್ಷೌಹಿಣಿಯ ಎಣಿಕೆಗೆ ಇದು ನೇರವಾದ ವಿರೋಧ. ಇಲ್ಲಿ ಒಂದು ಕಲ್ಲೆಂದರೆ ಇಪ್ಪತ್ತು ಜನವಲ್ಲ. ಒಂದು ಕಲ್ಲು, ಒಬ್ಬ ಮನುಷ್ಯ. ಆದರೆ ಕಲ್ಲು ನಿಲ್ಲಿಸುವುದಕ್ಕೆ ಯಾರಾದರೂ ಇರಬೇಕು: ಮಗನೋ, ತಮ್ಮನೋ, ಊರವರೋ, ಒಡೆಯನೋ. ಯಾರೂ ಇಲ್ಲದವನಿಗೆ ಕಲ್ಲಿಲ್ಲ.

ಈ ಕೊನೆಯ ಮಾತು ಹಳೆಯ ಕಾಲಕ್ಕೆ ಮಾತ್ರ ಸಲ್ಲುವುದಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಮಡಿದ ಬ್ರಿಟಿಷ್ ಸಾಮ್ರಾಜ್ಯದ ಯೋಧರ ಸಮಾಧಿಗಳಿಗಾಗಿ 1917ರಲ್ಲಿ ಒಂದು ಆಯೋಗ ಏರ್ಪಟ್ಟಿತು. ದರ್ಜೆಯ ಭೇದವೆಣಿಸದೆ ಸತ್ತ ಪ್ರತಿಯೊಬ್ಬನ ಹೆಸರನ್ನೂ ಕೆತ್ತಿಸಬೇಕೆಂಬುದು ಅದರ ಧ್ಯೇಯ. ಧ್ಯೇಯ ದೊಡ್ಡದು. ಆದರೆ ಕನಿಷ್ಠ 1,16,000 ಮಂದಿ, ಬಹುಮಟ್ಟಿಗೆ ಪೂರ್ವ ಆಫ್ರಿಕ ಮತ್ತು ಈಜಿಪ್ಟಿನವರು, ಹೆಸರಿನಿಂದ ಸ್ಮರಣೆ ಪಡೆಯದೆ ಹೋದರೆಂದು ಆ ಆಯೋಗದ ವರದಿಯೇ 2021ರಲ್ಲಿ ಹೇಳಿತು. ಅವರಲ್ಲಿ ಹೊರೆ ಹೊತ್ತವರು ಬಹಳ ಮಂದಿ. ಭೀಷ್ಮಪರ್ವದ ನಿಯಮದಲ್ಲಿ ಹೊಡೆಯಕೂಡದೆಂದು ಹೇಳಿದ್ದು ಇಂಥವರನ್ನೇ.

ನಾನು ಕೇಳಿದ ಪ್ರಶ್ನೆಗೆ ಸಮಾಧಾನದಂಥದು ದೊರೆತದ್ದು ಮಹಾಭಾರತದ ಸ್ತ್ರೀಪರ್ವದಲ್ಲಿ. ಎಲ್ಲ ಮುಗಿದ ಮೇಲೆ ಧೃತರಾಷ್ಟ್ರ ಧರ್ಮರಾಯನನ್ನು, ಸತ್ತವರೆಷ್ಟು ಎಂದು ಕೇಳುತ್ತಾನೆ. ಧರ್ಮರಾಯ ಹೇಳುವ ಸಂಖ್ಯೆ 166 ಕೋಟಿ 20 ಸಾವಿರ. ಹದಿನೆಂಟು ಅಕ್ಷೌಹಿಣಿಗಳ ರಥ, ಆನೆ, ಕುದುರೆ, ಕಾಲಾಳು ಎಲ್ಲವನ್ನೂ ಕೂಡಿದರೂ 39,36,600 ಮಾತ್ರ. ಲೆಕ್ಕ ಹೊಂದುವುದಿಲ್ಲ. ಪಂಡಿತರು ಪ್ರಕ್ಷೇಪವೆನ್ನಲಿ, ಪಾಠಾಂತರವೆನ್ನಲಿ; ನನಗಂತೂ ಈ ಹೊಂದದಿರುವಿಕೆಯೇ ಅರ್ಥವತ್ತಾಗಿ ತೋರುತ್ತದೆ. ಯುದ್ಧಕ್ಕೆ ಹೋಗುವಾಗ ಅಚ್ಚುಕಟ್ಟಾಗಿದ್ದ ಎಣಿಕೆ ಯುದ್ಧದಿಂದ ಹಿಂದಿರುಗುವಾಗ ಹಾಗೆ ಉಳಿಯಲಿಲ್ಲ. ಮುದುಕ ಅಷ್ಟಕ್ಕೇ ಬಿಡಲಿಲ್ಲ. ದಿಕ್ಕಿಲ್ಲದವರ, ಅಗ್ನಿ ಕೊಡುವವರಿಲ್ಲದವರ ಸಂಸ್ಕಾರ ಹೇಗೆ ಎಂದು ಕೇಳಿದ. ಧರ್ಮರಾಯ ವಿದುರ ಸಂಜಯ ಮೊದಲಾದವರನ್ನು ಕರೆದು, ಒಬ್ಬನೂ ಅನಾಥನಂತೆ ಕೊಳೆಯಬಾರದೆಂದು ಅಪ್ಪಣೆ ಮಾಡಿದ. ನಾನಾ ದೇಶಗಳಿಂದ ಬಂದು ಸತ್ತ ಅನಾಥರನ್ನೆಲ್ಲ ರಾಶಿ ಮಾಡಿ ವಿದುರ ದಹನ ಮಾಡಿಸಿದ.

ಎಣಿಕೆಯಲ್ಲಿ ಎರಡು ಬಗೆಯುಂಟೆಂದು ಇದರಿಂದ ತಿಳಿಯುತ್ತದೆ. ಒಂದು ಖರ್ಚು ಬರೆಯುವ ಎಣಿಕೆ: ಇಷ್ಟು ಜನರನ್ನು ಕೊಟ್ಟರೆ ಈ ದಿಬ್ಬ ಸಿಕ್ಕುತ್ತದೆ, ಇಷ್ಟು ಪದಾತಿಗಳು ಹೋದರೆ ಈ ಕುದುರೆ ಬರುತ್ತದೆ. ಇನ್ನೊಂದು ಬಾಕಿ ಬರೆಯುವ ಎಣಿಕೆ: ಇಷ್ಟು ಜನಕ್ಕೆ ಅನ್ನ ಕೊಡಬೇಕು, ಇಷ್ಟು ಮನೆಗಳಿಗೆ ಸುದ್ದಿ ಮುಟ್ಟಿಸಬೇಕು, ಇಷ್ಟು ಹೆಣಗಳಿಗೆ ಸಂಸ್ಕಾರವಾಗಬೇಕು. ಎರಡರಲ್ಲಿಯೂ ಸಂಖ್ಯೆ ಒಂದೇ ಆಗಿರಬಹುದು. ಮೊದಲನೆಯದರಲ್ಲಿ ಬರೆದ ಕೂಡಲೇ ಮನುಷ್ಯ ತೀರಿಹೋಗುತ್ತಾನೆ. ಎರಡನೆಯದರಲ್ಲಿ ಬರೆದ ಮೇಲೆ ನಮ್ಮ ಕೆಲಸ ಆರಂಭವಾಗುತ್ತದೆ. ಬಾಣಸಿಗನ ಸರಾಸರಿಯೂ ಸೇನಾಪತಿಯ ಸರಾಸರಿಯೂ ಗಣಿತದಲ್ಲಿ ಒಂದೇ ಆದರೂ ಧರ್ಮದಲ್ಲಿ ಒಂದಲ್ಲವೆಂಬುದು ಇದಕ್ಕಾಗಿಯೇ. ಧರ್ಮರಾಯನ ದೋಷವೂ ಗುಣವೂ ಇಲ್ಲಿಯೇ ಇದೆ. ಯುದ್ಧಕ್ಕೆ ಮೊದಲು ಅವನೂ ಏಳು ಅಕ್ಷೌಹಿಣಿಯನ್ನು ಖರ್ಚಿನ ಪಟ್ಟಿಯಲ್ಲಿಯೇ ಬರೆದುಕೊಂಡಿದ್ದ. ಯುದ್ಧವಾದ ಮೇಲೆ ಬಾಕಿಯ ಪಟ್ಟಿಗೆ ವರ್ಗಾಯಿಸಿದ. ತಡವಾಯಿತು, ನಿಜ. ಆದರೆ ವರ್ಗಾಯಿಸದೆ ಬಿಟ್ಟ ಅರಸರೇ ಚರಿತ್ರೆಯಲ್ಲಿ ಹೆಚ್ಚು.

ಆಟದ ಹುಡುಗರಿಗೆ ನಾನು ಇಷ್ಟನ್ನೆಲ್ಲ ಉಪದೇಶಿಸಲಿಲ್ಲ. ಆಟದ ನಡುವೆ ಉಪದೇಶ ಮಾಡುವ ಮೇಷ್ಟರನ್ನು ಯಾರೂ ಎರಡನೆಯ ಸಲ ಕರೆಯುವುದಿಲ್ಲ. ಕಾಳಗ ಮುಗಿದ ಮೇಲೆ ಸತ್ತ ಇಪ್ಪತ್ತು ಜನರಲ್ಲಿ ಒಬ್ಬನಿಗಾದರೂ ಒಂದು ಹೆಸರು, ಒಂದು ಊರು ಕೊಟ್ಟು ನೋಡಿರೆಂದು ಮಾತ್ರ ಹೇಳಿದೆ. ಸೂತ್ರಧಾರನಾಗಿದ್ದ ಹುಡುಗ ಸ್ವಲ್ಪ ಯೋಚಿಸಿ, ಒಬ್ಬ ಬಿಲ್ಲಾಳಿಗೆ ಹೇಮಾವತಿಯ ದಂಡೆಯ ತನ್ನ ಊರಿನ ಹೆಸರನ್ನೇ ಕೊಟ್ಟ. ಮುಂದಿನ ವಾರ ಅವರ ಕಥೆ ಹೊಸ ಕೋಟೆಯ ಕಡೆಗೆ ಹೋಗಬೇಕಾಗಿತ್ತಂತೆ. ಆ ಬಿಲ್ಲಾಳಿನ ತಾಯಿಗೆ ಸುದ್ದಿ ಹೇಳಿಬರುವುದರಲ್ಲೇ ಸಂಜೆ ಮುಗಿಯಿತು. ಕೋಟೆಗೆ ಮುತ್ತಿಗೆ ಹಾಕುವುದು ಇನ್ನೂ ಬಾಕಿಯಿದೆ ಎಂದು ಹೇಳಿದರು.